ದೂರ ಹೊರಟ ಹಳೇ ಬೈಕು: ಲಕ್ಷಣ ನೋಡಿ ದೋಷ ಹಿಡಿಯುವುದು

ಹಳೆಯ ನೂರು ಸಿಸಿ ಬೈಕಿನಲ್ಲಿ ಸಾವಿರಾರು ಕಿಲೋಮೀಟರ್ ಹೋಗಿಬರುತ್ತೇನೆ ಎಂದು ಬಾಯಿಬಿಟ್ಟರೆ ಸಾಕು, "ಎಲ್ಲಾ ಹೊಸದು ಹಾಕಿಸಿಬಿಡಿ" ಎನ್ನುವವರು ನಾಲ್ಕು ಜನ ಸಿಗುತ್ತಾರೆ. ನಾನೂ ಒಮ್ಮೆ ಆ ಮಾತು ಕೇಳಿದೆ. ಹೊರಡುವ ಹಿಂದಿನ ರಾತ್ರಿ ಕ್ಲಚ್ ಕೇಬಲ್ ಬದಲಿಸಿದೆ. ಹಳೆಯದರಲ್ಲಿ ಒಂದು ಎಳೆಯೂ ಬಿಟ್ಟಿರಲಿಲ್ಲ, ಸುಮ್ಮನೆ ಮನಸ್ಸಿನ ಸಮಾಧಾನಕ್ಕೆ. ಎರಡನೇ ದಿನ ಮಧ್ಯಾಹ್ನ ಹೊಸ ಕೇಬಲ್ಲಿನ ತುದಿಯ ಗುಂಡು ಕಳಚಿ ಕೈಗೇ ಬಂತು. ಚೆನ್ನಾಗಿದ್ದ ಹಳೆಯ ಕೇಬಲ್ಲು ಮನೆಯ ಕಸದ ಬುಟ್ಟಿಯಲ್ಲಿತ್ತು.

ಅಂದಿನಿಂದ ನನ್ನದೊಂದು ಲೆಕ್ಕ: ದೂರದ ದಾರಿಯಲ್ಲಿ ಕೈಕೊಡುವುದು ಹಳೆಯ ಭಾಗಕ್ಕಿಂತ ಹೆಚ್ಚಾಗಿ ನಿನ್ನೆ ಮುಟ್ಟಿದ ಭಾಗ. ಆದ್ದರಿಂದ ಲಕ್ಷಣ ಕಂಡಲ್ಲಿ ಮಾತ್ರ ಕೈಹಾಕಿ, ಕೈಹಾಕಿದ್ದನ್ನು ಹೊರಡುವ ಮೊದಲೇ 400–500 ಕಿ.ಮೀ. ಓಡಿಸಿ ನೋಡಿ. ಸಣ್ಣ ಎಂಜಿನ್ ಅಷ್ಟು ದೂರ ತಡೆಯುತ್ತದೆಯೇ ಎಂಬ ಅನುಮಾನ ಬೇಡ. 1958ರಲ್ಲಿ 49 ಸಿಸಿ ಎಂಜಿನ್ ಹೊತ್ತು ಬಂದ ಹೋಂಡಾ ಸೂಪರ್ ಕಬ್ ಮಾದರಿಯ ಗಾಡಿಗಳು 2017ರ ಹೊತ್ತಿಗೆ 10 ಕೋಟಿ ತಯಾರಾಗಿದ್ದವು; ಅವುಗಳಲ್ಲಿ ಖಂಡಗಳನ್ನೇ ದಾಟಿದವರಿದ್ದಾರೆ. ಎಂಜಿನ್ ಸಣ್ಣದೆಂದು ಗಾಡಿ ನಿಲ್ಲುವುದಿಲ್ಲ. ಊರೊಳಗೆ ಓಡಾಡುವಾಗ "ಪರವಾಗಿಲ್ಲ ಬಿಡು" ಎಂದು ಬಿಟ್ಟ ಸಣ್ಣ ತಕರಾರಿನಿಂದ ನಿಲ್ಲುತ್ತದೆ.

ಇಲ್ಲಿರುವುದು ಕಾರ್ಬುರೇಟರ್ ಇರುವ, 100ರಿಂದ 125 ಸಿಸಿಯ, ಗಾಳಿಯಿಂದ ತಣಿಯುವ ಫೋರ್ ಸ್ಟ್ರೋಕ್ ಗಾಡಿಗಳ ಮಾತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಪ್ಲಗ್ಗು, ಜೆಟ್ಟು (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಬಿಡಿಭಾಗ), ಕಾಯಿಲ್ಲು (ಪ್ಲಗ್ಗಿನ ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟ್ ಕೊಡುವುದು) ಮೂರನ್ನೂ ಒಟ್ಟಿಗೆ ಬದಲಿಸಿ ಗಾಡಿ ಸರಿಹೋದರೆ ಯಾವುದು ಕೆಟ್ಟಿತ್ತೆಂಬುದು ಕೊನೆಗೂ ತಿಳಿಯುವುದಿಲ್ಲ.

ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗುತ್ತಿಲ್ಲ

ಮೊದಲು ನಾಚಿಕೆ ಬಿಟ್ಟು ನೋಡಬೇಕಾದವು: ಪೆಟ್ರೋಲ್ ಇದೆಯೇ, ಟ್ಯಾಂಕಿನ ಕೆಳಗಿನ ಕಾಕ್ ತೆರೆದಿದೆಯೇ, ಕಿಲ್ ಸ್ವಿಚ್ ಇದ್ದರೆ ಅದು ಆನ್ ಇದೆಯೇ, ಪ್ಲಗ್ ಕ್ಯಾಪು ಗಟ್ಟಿಯಾಗಿ ಕೂತಿದೆಯೇ. ಗಾಡಿ ತಿಂಗಳುಗಟ್ಟಲೆ ನಿಂತಿದ್ದರೆ ಹಳೆಯ ಪೆಟ್ರೋಲ್ ಪೂರ್ತಿ ಇಳಿಸಿ ಹೊಸದು ಹಾಕಿ. ಅಂಟುವಾಸನೆ ಬಂದ ಪೆಟ್ರೋಲಿನಲ್ಲಿ ಇಡೀ ದಿನ ಕಿಕ್ ಹೊಡೆದರೂ ಕಾಲು ನೋಯುತ್ತದೆಯೇ ಹೊರತು ಎಂಜಿನ್ ಏಳುವುದಿಲ್ಲ.

ಎಂಟು ಹತ್ತು ಕಿಕ್ ಆದಮೇಲೆ ಪ್ಲಗ್ ಬಿಚ್ಚಿ ನೋಡಿ. ಇಲ್ಲಿಂದ ದಾರಿ ಎರಡಾಗುತ್ತದೆ. ಪ್ಲಗ್ ಒಣಗಿದ್ದರೆ ಪೆಟ್ರೋಲ್ ಒಳಗೆ ಬರುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಕಿಡಿ ಇಲ್ಲ ಅಥವಾ ಪೆಟ್ರೋಲೇ ಅತಿಯಾಗಿದೆ.

ಒಣಗಿದ ಪ್ಲಗ್ ಎಂದರೆ ಕಾರ್ಬುರೇಟರಿಗೆ ಹೋಗುವ ಪೈಪು ಕಳಚಿ ಬಾಟಲಿಯೊಳಗೆ ಹಿಡಿದು ಕಾಕ್ ತಿರುಗಿಸಿ. ಧಾರೆ ಒಂದೇ ಸಮನೆ ಬರಬೇಕು. ತೊಟ್ಟಿಕ್ಕುತ್ತಿದ್ದರೆ ಕಾಕ್‌ನ ಜಾಲರಿಯಲ್ಲಿ ತುಕ್ಕಿನ ಕೆಸರು ಕೂತಿದೆ. ಧಾರೆ ಚೆನ್ನಾಗಿದ್ದರೆ ಕಾರ್ಬುರೇಟರಿನ ಕೆಳಗಿನ ಬಟ್ಟಲಿನ ಡ್ರೈನ್ ಸ್ಕ್ರೂ ಸಡಿಲಿಸಿ, ಬರುವುದನ್ನು ಪಾರದರ್ಶಕ ಬಾಟಲಿಯಲ್ಲಿ ಹಿಡಿದು ಬೆಳಕಿಗೆ ನೋಡಿ. ತಳದಲ್ಲಿ ಪಾದರಸದಂತೆ ಉರುಳಾಡುವ ಹನಿ ಕಂಡರೆ ನೀರು. ಕೆಂಪು ಪುಡಿ ಕಂಡರೆ ಟ್ಯಾಂಕಿನ ತುಕ್ಕು. ತುಕ್ಕು ಬಿಡುವ ಟ್ಯಾಂಕನ್ನು ಹಾಗೇ ಬಿಟ್ಟು ಬರೀ ಕಾರ್ಬುರೇಟರ್ ತೊಳೆದರೆ ಅದೇ ಕೆಲಸ ಮತ್ತೆ ರಸ್ತೆಬದಿಯಲ್ಲಿ ಮಾಡಬೇಕಾಗುತ್ತದೆ. ಟ್ಯಾಂಕ್ ಇಳಿಸಿ ತೊಳೆಸಿ, ಪೈಪಿನ ನಡುವೆ ಸಣ್ಣದೊಂದು ಫಿಲ್ಟರ್ ಹಾಕಿ.

ಚೋಕ್ ಎಳೆದರೆ ಮಾತ್ರ ಓಡುತ್ತದೆ, ಒತ್ತಿದ ಕೂಡಲೇ ಸಾಯುತ್ತದೆ ಎಂದರೆ ಮೊದಲ ಅನುಮಾನ ಪೈಲಟ್ ಜೆಟ್ (ನಿಧಾನ ಓಟಕ್ಕೆ ಪೆಟ್ರೋಲ್ ಬಿಡುವ ಜೆಟ್) ಮೇಲೆ. ಅದರ ತೂತು ಕೂದಲೆಳೆಯಷ್ಟು. ಕ್ಲೀನರ್ ಸ್ಪ್ರೇ ಅಥವಾ ಗಾಳಿಯಿಂದಲೇ ಬಿಡಿಸಿ, ಸ್ಟೀಲ್ ತಂತಿ ತೂರಿಸಬೇಡಿ. ತೂತು ದೊಡ್ಡದಾದರೆ ಆ ಜೆಟ್ ಮುಗಿಯಿತು.

ಒದ್ದೆ ಪ್ಲಗ್ ಎಂದರೆ ಒರೆಸಿ ಕ್ಯಾಪಿಗೆ ಹಾಕಿ, ಅದರ ಲೋಹದ ಮೈಯನ್ನು ಎಂಜಿನ್ನಿನ ಬರಿ ಲೋಹಕ್ಕೆ ಗಟ್ಟಿಯಾಗಿ ತಾಗಿಸಿ ಕಿಕ್ ಹೊಡೆಯಿರಿ. ಪ್ಲಗ್ಗನ್ನು ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿಯಿರಿ, ಬರಿಗೈಯಲ್ಲಿ ಬೇಡ. ಸಾವಿರಾರು ವೋಲ್ಟ್ ಹರಿಯುತ್ತದೆ. ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಹೊರಬರುತ್ತಿರುತ್ತದೆ, ಕಿಡಿಯನ್ನು ಅದರಿಂದ ದೂರವಿಡಿ. ಸುತ್ತ ಚೆಲ್ಲಿದ ಪೆಟ್ರೋಲ್ ಇದ್ದರೆ ಒರೆಸಿ, ಒಣಗಿದ ಮೇಲೆಯೇ ಈ ಪರೀಕ್ಷೆ. ನೀಲಿಯಾಗಿ ಚಟ್ ಎನ್ನುವ ಕಿಡಿ ಬಂದರೆ ಸರಿ. ಕೆಂಪಗೆ ಮಂಕಾಗಿದ್ದರೆ ಅಥವಾ ಬರದೇ ಇದ್ದರೆ ಹೊಸ ಪ್ಲಗ್, ಆಮೇಲೆ ಪ್ಲಗ್ ಕ್ಯಾಪು, ಆಮೇಲೆ ವೈರಿನ ಜೋಡಣೆಗಳು, ಕೊನೆಗೆ ಕಾಯಿಲ್ ಮತ್ತು ಸಿಡಿಐ (ಕಿಡಿ ಹೊಡೆಸುವ ಎಲೆಕ್ಟ್ರಾನಿಕ್ ಡಬ್ಬಿ). ಈ ಕ್ರಮ ಬೆಲೆಯ ಕ್ರಮವೂ ಹೌದು. ಪ್ಲಗ್ ಅಂತರ ಹೆಚ್ಚಿನ ಸಣ್ಣ ಗಾಡಿಗಳಲ್ಲಿ 0.6ರಿಂದ 0.8 ಮಿ.ಮೀ. ಒಳಗಿರುತ್ತದೆ, ನಿಮ್ಮ ಗಾಡಿಯ ಪುಸ್ತಕ ಹೇಳಿದ್ದೇ ಅಂತಿಮ.

ಪೆಟ್ರೋಲೂ ಇದೆ, ಕಿಡಿಯೂ ಇದೆ, ಆದರೂ ಏಳುತ್ತಿಲ್ಲವೇ? ಕಿಕ್ ಕೈಯಲ್ಲಿ ನಿಧಾನ ಒತ್ತಿ ನೋಡಿ. ಒಂದು ಹಂತದಲ್ಲಿ ಎದುರು ತಳ್ಳಬೇಕು. ಬೆಣ್ಣೆಯಂತೆ ಇಳಿದರೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಹೋಗಿದೆ. ಪ್ಲಗ್ ತೂತಿನಲ್ಲಿ ಒಂದು ಚಹಾ ಚಮಚ ಎಂಜಿನ್ ಆಯಿಲ್ ಬಿಟ್ಟು, ಪ್ಲಗ್ ಹಾಕಿ ಮತ್ತೆ ಒತ್ತಿ. ಈಗ ಗಟ್ಟಿಯಾದರೆ ಪಿಸ್ಟನ್ ರಿಂಗ್ ಮತ್ತು ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ) ಸವೆದಿದೆ. ಏನೂ ವ್ಯತ್ಯಾಸವಾಗದಿದ್ದರೆ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ. ವಾಲ್ವ್ ಎಂದ ತಕ್ಷಣ ಹೆಡ್ ಬಿಚ್ಚಿಸಬೇಡಿ, ಟ್ಯಾಪೆಟ್ (ವಾಲ್ವಿನ ತುದಿಯಲ್ಲಿ ಬಿಡುವ ಸಣ್ಣ ಅಂತರದ ಹೊಂದಿಕೆ) ಬಿಗಿಯಾಗಿರುವುದೇ ಕಾರಣವಿರಬಹುದು.

ಬೆಳಿಗ್ಗೆ ಒಂದೇ ಕಿಕ್, ಬಿಸಿಯಾದ ಮೇಲೆ ಹಠ

ಈ ಲಕ್ಷಣವನ್ನು ಜನ ಹೆಚ್ಚಾಗಿ ಕಡೆಗಣಿಸುತ್ತಾರೆ. "ಹತ್ತು ನಿಮಿಷ ಬಿಟ್ಟರೆ ತಾನೇ ಸರಿಹೋಗುತ್ತದೆ" ಎನ್ನುತ್ತಾರೆ. ದೂರ ಹೋಗುವ ಗಾಡಿಗೆ ಇದು ದೊಡ್ಡ ಎಚ್ಚರಿಕೆ.

ಎಂಜಿನ್ ಬಿಸಿಯಾದಾಗ ವಾಲ್ವಿನ ಕಾಂಡ ಹಿಗ್ಗುತ್ತದೆ. ಅದಕ್ಕೆಂದೇ ವಾಲ್ವನ್ನು ಒತ್ತಿ ತೆರೆಯುವ ರಾಕರ್‌ಗೂ ವಾಲ್ವಿಗೂ ನಡುವೆ ಒಂದಿಷ್ಟು ಜಾಗ ಬಿಟ್ಟಿರುತ್ತಾರೆ. ವಾಲ್ವು ತನ್ನ ಆಸನದ ಮೇಲೆ ಬಡಿದು ಬಡಿದು ವರ್ಷಗಳಲ್ಲಿ ಒಳಗಿಳಿದಂತೆ ಆ ಜಾಗ ಕಿರಿದಾಗುತ್ತದೆ. ಆಗ ಬಿಸಿಯಲ್ಲಿ ವಾಲ್ವು ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರುತ್ತದೆ. ಎಕ್ಸಾಸ್ಟ್ ವಾಲ್ವು ತನ್ನ ಬಿಸಿಯನ್ನು ಇಳಿಸುವುದೇ ಆಸನಕ್ಕೆ ಒತ್ತಿ ಕೂತಾಗ. ಕೂರಲು ಬಿಡದಿದ್ದರೆ ಅಂಚು ಸುಟ್ಟುಹೋಗುತ್ತದೆ. "ಟ್ಯಾಪೆಟ್ ಸೌಂಡ್ ಬರುತ್ತಿದೆ, ಟೈಟ್ ಮಾಡಿ" ಎಂದು ಮೆಕ್ಯಾನಿಕ್ಕಿಗೆ ಹೇಳಿ, ಪೂರ್ತಿ ಸದ್ದಡಗಿಸಿಕೊಂಡು ಬಂದವರ ಗಾಡಿಗೆ ಇದು ಸುಲಭವಾಗಿ ಗಂಟುಬೀಳುತ್ತದೆ. ಹೊಲಿಗೆ ಯಂತ್ರದಂಥ ಸಣ್ಣ ಟಿಕ್‌ಟಿಕ್ ಇರಲಿ. ಸದ್ದೇ ಇಲ್ಲದ ಟ್ಯಾಪೆಟ್ಟಿಗೆ ನಾನು ಹೆದರುತ್ತೇನೆ.

ನೋಡುವ ಬಗೆ: ರಾತ್ರಿಯಿಡೀ ನಿಂತ, ಪೂರ್ತಿ ತಣ್ಣಗಿರುವ ಎಂಜಿನ್. ಪ್ಲಗ್ ಬಿಚ್ಚಿ, ಎಡಗಡೆಯ ಮುಚ್ಚಳ ತೆಗೆದು ಮ್ಯಾಗ್ನೆಟ್ ಚಕ್ರ ತಿರುಗಿಸಿ ಟಿ ಗುರುತನ್ನು ಬಾಡಿಯ ಗೆರೆಗೆ ತನ್ನಿ. ಆಗ ಎರಡೂ ರಾಕರ್ ಬೆರಳಿಗೆ ತುಸು ಅಲುಗಾಡಬೇಕು. ಒಂದು ಅಲುಗದಿದ್ದರೆ ಇನ್ನೂ ಒಂದು ಪೂರ್ತಿ ಸುತ್ತು ತಿರುಗಿಸಿ. ನೀವು ನಿಲ್ಲಿಸಿದ್ದು ತಪ್ಪು ಸ್ಟ್ರೋಕಿನಲ್ಲಿ. ಆಗಲೂ ಅಲುಗದಿದ್ದರೆ ಆ ಟ್ಯಾಪೆಟ್ಟು ಬಿಗಿಯಾಗಿದೆ, ನೀವು ಹುಡುಕುತ್ತಿದ್ದ ದೋಷವೇ ಸಿಕ್ಕಿತು. ಸಣ್ಣ ಎಂಜಿನ್ನುಗಳಲ್ಲಿ ಅಂತರ ಸಾಮಾನ್ಯವಾಗಿ 0.05ರಿಂದ 0.10 ಮಿ.ಮೀ. ಫೀಲರ್ ಗೇಜ್ (ಅಂತರ ಅಳೆಯುವ ತೆಳು ಲೋಹದ ಪಟ್ಟಿ) ತೂರಿ ಎಳೆದಾಗ, ದಪ್ಪ ಪುಸ್ತಕದ ನಡುವಿನಿಂದ ಒಂದು ಹಾಳೆ ಎಳೆದಂತೆ ತುಸು ಹಿಡಿದು ಬರಬೇಕು. ಚೆಕ್‌ನಟ್ ಬಿಗಿ ಮಾಡುವಾಗ ಅಂತರ ಬದಲಾಗುವುದುಂಟು, ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಅಳೆಯಿರಿ.

ಟ್ಯಾಪೆಟ್ ಸರಿಯಾಗಿಟ್ಟ 500 ಕಿ.ಮೀ. ಒಳಗೇ ಮತ್ತೆ ಬಿಗಿಯಾದರೆ ವಾಲ್ವು ಅಥವಾ ಆಸನ ಬೇಗಬೇಗ ಸವೆಯುತ್ತಿದೆ. ಇದು ಮನೆಯಂಗಳದ ಕೆಲಸವಲ್ಲ, ಹೆಡ್ ಇಳಿಸಿ ವಾಲ್ವ್ ಕೂರಿಸುವವರ ಬಳಿಗೆ ಒಯ್ಯಿರಿ.

ಮೂವತ್ತು ನಲವತ್ತು ಕಿಲೋಮೀಟರ್ ಓಡಿ ತಾನಾಗಿ ನಿಲ್ಲುತ್ತದೆ

ನನ್ನನ್ನು ಅತಿ ಹೆಚ್ಚು ಸತಾಯಿಸಿದ ದೋಷ ಇದು. ಒಂದೇ ವೇಗದಲ್ಲಿ ಅರ್ಧ ಗಂಟೆ ಚೆನ್ನಾಗಿ ಓಡುತ್ತಿತ್ತು, ಆಮೇಲೆ ಹಿಂದಿನಿಂದ ಯಾರೋ ಹಿಡಿದೆಳೆದಂತಾಗಿ ಸಾಯುತ್ತಿತ್ತು. ಐದು ನಿಮಿಷ ಬಿಟ್ಟು ಕಿಕ್ ಹೊಡೆದರೆ ಏನೂ ಆಗಿಲ್ಲದವರಂತೆ ಹೊರಡುತ್ತಿತ್ತು. ಎರಡು ದಿನದಲ್ಲಿ ಮೂರು ಸಲ ಕಾರ್ಬುರೇಟರ್ ಬಿಚ್ಚಿದೆ. ಮೂರನೇ ಸಲ ಪೆಟ್ರೋಲ್ ಎಷ್ಟಿದೆ ನೋಡೋಣವೆಂದು ಟ್ಯಾಂಕಿನ ಮುಚ್ಚಳ ತಿರುಗಿಸಿದಾಗ "ಸ್ಸ್" ಎಂದು ಗಾಳಿ ಒಳಕ್ಕೆ ಎಳೆದುಕೊಂಡಿತು. ಮುಚ್ಚಳದ ಗಾಳಿಕಂಡಿಗೆ ಪಾಲಿಷ್ ಮೆತ್ತಿತ್ತು. ಮೆತ್ತಿದವನು ನಾನೇ, ಹೊರಡುವ ಮುಂಚೆ ಗಾಡಿ ಹೊಳೆಯಲಿ ಎಂದು.

ಪೆಟ್ರೋಲ್ ಇಳಿದಷ್ಟು ಗಾಳಿ ಟ್ಯಾಂಕಿಗೆ ಹೋಗಬೇಕು. ಹೋಗದಿದ್ದರೆ ಒಳಗೆ ಎಳೆತ ಹುಟ್ಟಿ ಪೆಟ್ರೋಲ್ ಇಳಿಯುವುದು ನಿಲ್ಲುತ್ತದೆ. ಊರೊಳಗಿನ ಐದು ಕಿಲೋಮೀಟರಿನಲ್ಲಿ ಇದು ಎಂದಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಗಾಡಿ ಹೀಗೆ ನಿಂತ ಕೂಡಲೇ ಮೊದಲ ಕೆಲಸ ಮುಚ್ಚಳ ತೆರೆಯುವುದು, ಕಿವಿಗೊಟ್ಟು ಕೇಳುವುದು, ಕೂಡಲೇ ಕಿಕ್ ಹೊಡೆಯುವುದು. ಸ್ಟಾರ್ಟ್ ಆದರೆ ಕಾರಣ ಸಿಕ್ಕಿತು. ಕಂಡಿಯನ್ನು ಸೂಜಿಯಿಂದ ಬಿಡಿಸಿ. ಮುಚ್ಚಳ ತೆರೆಯುವಾಗ ಬೀಡಿ ಸಿಗರೇಟು ಹತ್ತಿರವೂ ಬೇಡ.

ಮುಚ್ಚಳ ತೆರೆದರೂ ಏಳದಿದ್ದರೆ, ಗಾಡಿ ತಣ್ಣಗಾಗುವ ಮೊದಲೇ ಕಿಡಿ ನೋಡಿ. ಪ್ಲಗ್ ಬಿಚ್ಚಲು ದಪ್ಪ ಬಟ್ಟೆ ಬೇಕು, ಸುಡುತ್ತಿರುತ್ತದೆ. ಬಿಸಿಯಲ್ಲಿ ಕಿಡಿ ಇಲ್ಲ, ತಣ್ಣಗಾದ ಮೇಲೆ ಬರುತ್ತದೆ ಎಂದರೆ ಇಗ್ನಿಷನ್ ಕಾಯಿಲ್ ಅಥವಾ ಮ್ಯಾಗ್ನೆಟ್ ಒಳಗಿನ, ಕಿಡಿಯ ಸಮಯ ತಿಳಿಸುವ ಪಲ್ಸರ್ ಕಾಯಿಲ್ ಒಳಗೆ ಬಿರುಕು ಬಿಟ್ಟಿದೆ. ಇವು ತಣ್ಣಗಿದ್ದಾಗ ಮೀಟರಿನಲ್ಲಿ ಸರಿಯಾಗೇ ತೋರಿಸುತ್ತವೆ, ಮೋಸ ಹೋಗಬೇಡಿ. ಒಳ್ಳೆಯ ಸ್ಥಿತಿಯಲ್ಲಿರುವ ಅದೇ ಮಾದರಿಯ ಕಾಯಿಲ್ ಎರವಲು ತಂದು ಹಾಕಿ ಓಡಿಸಿ ನೋಡುವುದೇ ನಂಬಿಕೆಯ ಪರೀಕ್ಷೆ. ಹೊರಟ ಮೇಲೆ ಜೊತೆಗೊಂದು ಕಾಯಿಲ್ ಇರಲಿ, ಅಂಗೈಯಗಲದ ವಸ್ತು.

ಹೊಗೆ ಬರುತ್ತಿದೆ, ಆಯಿಲ್ ಇಳಿಯುತ್ತಿದೆ

ಬಣ್ಣ ನೋಡಿ. ಕಪ್ಪು ಹೊಗೆ ಎಂದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ: ಏರ್ ಫಿಲ್ಟರ್ ಕಟ್ಟಿದೆ ಅಥವಾ ಚೋಕ್ ಪೂರ್ತಿ ಬಿಟ್ಟಿಲ್ಲ. ಚಳಿಯ ಬೆಳಗಿನಲ್ಲಿ ಒಂದೆರಡು ನಿಮಿಷ ಕಾಣುವ ಬಿಳಿ ಹಬೆಗೆ ತಲೆಕೆಡಿಸಿಕೊಳ್ಳಬೇಡಿ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ರಾತ್ರಿ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆದಾಗ ಭುಸ್ಸನೆ ಬಂದು ಆಮೇಲೆ ನಿಂತರೆ ವಾಲ್ವ್ ಸೀಲ್. ಏರಿನಲ್ಲಿ, ಆಕ್ಸಿಲರೇಟರ್ ಕೊಟ್ಟಾಗಲೆಲ್ಲ ಬಂದರೆ ರಿಂಗು. ಟೂ ಸ್ಟ್ರೋಕ್ ಗಾಡಿಗೆ ಈ ಲೆಕ್ಕ ಹೊಂದುವುದಿಲ್ಲ, ಅದು ಆಯಿಲ್ ಉರಿಸಿಯೇ ಓಡುವುದು.

ಹೊಗೆಗಿಂತ ಅಳತೆಯನ್ನು ನಂಬಿ. ಗಾಡಿ ನೇರ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಕೆಲವು ನಿಮಿಷ ಬಿಟ್ಟು ಆಯಿಲ್ ಕಡ್ಡಿಯಲ್ಲಿ ಮಟ್ಟ ಗುರುತಿಸಿ. 500 ಕಿ.ಮೀ. ಓಡಿಸಿ, ಅದೇ ಜಾಗದಲ್ಲಿ ಹಾಗೇ ನಿಲ್ಲಿಸಿ ನೋಡಿ. ಅದೇ ಗುರುತಿಗೆ ಬರಲು ಎಷ್ಟು ಮಿಲಿ ಹಾಕಬೇಕಾಯಿತು ಎಂದು ಬರೆದಿಡಿ. ಈ ಎಂಜಿನ್ನುಗಳು ಹಿಡಿಯುವುದೇ ಸುಮಾರು ಒಂದು ಲೀಟರ್, ಕೆಲವು ಅದಕ್ಕೂ ಕಡಿಮೆ. ಅದರಲ್ಲಿ 300 ಮಿಲಿ ಹೋದರೆ ಮೂರರಲ್ಲೊಂದು ಪಾಲು ಹೋದಂತೆ. ನನ್ನ ಅಂದಾಜು ಹೀಗೆ: 500 ಕಿ.ಮೀ.ಗೆ 50 ಮಿಲಿ ಇಳಿದರೆ ಸಣ್ಣ ಬಾಟಲಿ ಜೊತೆಗಿಟ್ಟು ಹೊರಡುತ್ತೇನೆ, ದಿನಾ ಬೆಳಿಗ್ಗೆ ಕಡ್ಡಿ ನೋಡುತ್ತೇನೆ. 200 ಮಿಲಿ ಇಳಿದರೆ ಬೋರ್ ಕೆಲಸ ಮುಗಿಸದೆ ಹೊರಡುವುದಿಲ್ಲ.

ಆಯಿಲ್ ಹಾಲು ಬೆರೆಸಿದ ಕಾಫಿಯಂತಾಗಿದ್ದರೆ ನೀರು ಸೇರಿದೆ. ಮುಚ್ಚಳದ ಒಳಮೈಯಲ್ಲಿ ಮಾತ್ರ ತೆಳ್ಳಗೆ ಕೆನೆಗಟ್ಟಿದ್ದರೆ ಗಾಡಿ ಬರೀ ಒಂದೆರಡು ಕಿಲೋಮೀಟರ್ ಓಡಾಡಿ ಬಿಸಿಯೇ ಆಗಿಲ್ಲ ಎಂದರ್ಥ. ಉದ್ದ ಓಡಿಸಿದರೆ ಹೋಗುತ್ತದೆ. ಹಳ್ಳ ದಾಟಿ ಬಂದ ಮೇಲೆ ಪೂರ್ತಿ ಆಯಿಲ್ಲೇ ಹಾಗಾಗಿದ್ದರೆ ಸ್ಟಾರ್ಟ್ ಮಾಡದೆ ಬದಲಿಸಿ.

ಹಳೆಯ ಆಯಿಲ್ ಇಳಿಸುವಾಗ ಡ್ರೈನ್ ಬೋಲ್ಟಿನ ತುದಿ ಒರೆಸಿ ನೋಡುವ ಅಭ್ಯಾಸವಿರಲಿ. ಬೂದು ಬಣ್ಣದ ನುಣ್ಣನೆ ಮಸಿ ಇದ್ದೇ ಇರುತ್ತದೆ. ಬೆರಳಿಗೆ ಚುಚ್ಚುವ, ಮಿನುಗುವ ಚೂರು ಸಿಕ್ಕಿತೋ, ಅಲ್ಲಿಗೆ ನಿಲ್ಲಿಸಿ. ಎಂಜಿನ್ ಬಿಚ್ಚಿ ಎಲ್ಲಿಂದ ಬಂತೆಂದು ಕಾಣುವ ತನಕ ಆ ಗಾಡಿ ಎಲ್ಲಿಗೂ ಹೋಗಬಾರದು.

ಎಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ

ಏರಿನಲ್ಲಿ ಟಾಪ್ ಗೇರ್ ಹಾಕಿ ಆಕ್ಸಿಲರೇಟರ್ ತಿರುಗಿಸಿದರೆ ಸದ್ದು ಮಾತ್ರ ಏರುತ್ತದೆ, ವೇಗ ಏರುವುದಿಲ್ಲ ಎಂದರೆ ಕ್ಲಚ್ ಜಾರುತ್ತಿದೆ. ಪ್ಲೇಟ್ ಬದಲಿಸುವ ಮೊದಲು ಲಿವರ್ ನೋಡಿ. ಅದರ ತುದಿ 10ರಿಂದ 20 ಮಿ.ಮೀ. ಖಾಲಿ ಆಡಬೇಕು. ಕೇಬಲ್ ಬಿಗಿಯಾಗಿದ್ದರೆ ಕ್ಲಚ್ ಸದಾ ಅರ್ಧ ಹಿಡಿದಂತೆಯೇ ಇರುತ್ತದೆ. ಆಮೇಲೆ ಕೇಳಿಕೊಳ್ಳಬೇಕಾದದ್ದು, ಎಂಜಿನ್ನಿಗೆ ಯಾವ ಆಯಿಲ್ ಹಾಕಿದ್ದೀರಿ? ಈ ಗಾಡಿಗಳ ಕ್ಲಚ್ ಮುಳುಗಿರುವುದು ಅದೇ ಆಯಿಲ್ಲಿನಲ್ಲಿ. ಕಾರಿಗೆಂದು ಮಾಡಿದ ಕೆಲವು ಆಯಿಲ್‌ಗಳಲ್ಲಿ ಘರ್ಷಣೆ ತಗ್ಗಿಸುವ ಅಂಶ ಬೆರೆಸಿರುತ್ತಾರೆ, ಅದು ಪ್ಲೇಟನ್ನೂ ಜಾರಿಸುತ್ತದೆ. ಡಬ್ಬಿಯ ಮೇಲೆ ಬೈಕ್ ಆಯಿಲ್ಲಿನ ಗುಣಮಟ್ಟದ ಗುರುತಾದ ಜಾಸೋ (JASO) ಎಂಎ ಅಥವಾ ಎಂಎ2 ಎಂದು ಇರಬೇಕು.

ಇವೆರಡೂ ಸರಿಯಿದ್ದು ಜಾರಿದರೆ ಮಾತ್ರ ಪ್ಲೇಟ್. ಸ್ಟೀಲ್ ಪ್ಲೇಟುಗಳು ನೀಲಿಗಟ್ಟಿದ್ದರೆ ಕಾದು ಬಾಗಿರುತ್ತವೆ, ಅವನ್ನೂ ಸೇರಿಸಿ ಬದಲಿಸಿ.

ಎಂಜಿನ್ ಸದ್ದೂ ಏರದೆ, ಗಾಡಿಯೂ ಎಳೆಯದಿದ್ದರೆ ಬ್ರೇಕ್ ಹಿಡಿದಿರಬಹುದು. ಎರಡು ಕಿಲೋಮೀಟರ್ ಓಡಿಸಿ, ಕೊನೆಗೆ ಬ್ರೇಕ್ ಮುಟ್ಟದೆ ತಾನಾಗಿ ನಿಲ್ಲಲು ಬಿಟ್ಟು, ಎರಡೂ ಡ್ರಮ್ಮಿನ ಹತ್ತಿರ ಅಂಗೈ ತನ್ನಿ. ಒಂದು ಹೆಚ್ಚು ಕಾದಿದ್ದರೆ ಅಲ್ಲೇ ತಕರಾರು. ಇದೂ ಅಲ್ಲವೆಂದರೆ ಏರ್ ಫಿಲ್ಟರ್, ಆಮೇಲೆ ಸೈಲೆನ್ಸರಿನೊಳಗಿನ ಮಸಿ, ಆಮೇಲೆ ಕಂಪ್ರೆಷನ್. ಎತ್ತರದ ಘಾಟಿಯಲ್ಲಿ ಶಕ್ತಿ ಕುಂದುವುದು ಮಾತ್ರ ದೋಷವಲ್ಲ. ಪ್ರತಿ 1000 ಮೀಟರ್ ಏರಿಗೆ ಸುಮಾರು ಶೇ 10ರಷ್ಟು ಶಕ್ತಿ ಇಳಿಯುತ್ತದೆ, ಪ್ಲಗ್ಗೂ ಕಪ್ಪಾಗುತ್ತದೆ. ಅಲ್ಲಿ ಜೆಟ್ ಬದಲಿಸಲು ಹೋಗಬೇಡಿ, ಗೇರ್ ಇಳಿಸಿ ನಿಧಾನ ಹತ್ತಿ.

ಚೈನ್ ಕಟಕಟ ಎನ್ನುತ್ತದೆ

ಎಂಜಿನ್ ಆಫ್, ಗೇರ್ ನ್ಯೂಟ್ರಲ್, ಗಾಡಿ ನಡುಸ್ಟ್ಯಾಂಡಿನಲ್ಲಿ. ಎಂಜಿನ್ ಓಡುತ್ತಿರುವಾಗ ಚೈನ್ ಹತ್ತಿರ ಬಟ್ಟೆ ಹಿಡಿದು ಒರೆಸಲು ಹೋಗಿ ಬೆರಳು ಕಳೆದುಕೊಂಡವರಿದ್ದಾರೆ. ಕೈಯಿಂದಲೇ ಚಕ್ರ ತಿರುಗಿಸಿ.

ಕೆಳಗಿನ ಚೈನಿನ ನಡುಭಾಗವನ್ನು ಮೇಲೆ ಕೆಳಗೆ ಆಡಿಸಿದರೆ ಸುಮಾರು 25 ಮಿ.ಮೀ. ಆಡಬೇಕು. ಒಂದೇ ಕಡೆ ನೋಡಿ ಬಿಡಬೇಡಿ. ಚಕ್ರ ಸ್ವಲ್ಪ ಸ್ವಲ್ಪ ತಿರುಗಿಸುತ್ತ ನಾಲ್ಕೈದು ಕಡೆ ನೋಡಿ. ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ ಬಂದರೆ ಚೈನ್ ಅಸಮವಾಗಿ ಸವೆದಿದೆ, ಅದನ್ನು ಎಷ್ಟು ಅಡ್ಜಸ್ಟ್ ಮಾಡಿದರೂ ಪ್ರಯೋಜನವಿಲ್ಲ.

ಸವೆತ ಅಳೆಯಲು ಒಂದು ಟೇಪು ಸಾಕು. 428 ಅಳತೆಯ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ 12.7 ಮಿ.ಮೀ. ಅಂದರೆ 20 ಕೊಂಡಿಗೆ, 21 ಪಿನ್ ಎಣಿಸಿದರೆ, ಹೊಸದರಲ್ಲಿ 254 ಮಿ.ಮೀ. ಚೈನನ್ನು ಬಿಗಿಯಾಗಿ ಎಳೆದು ಹಿಡಿದು ಅಳೆದಾಗ 259 ದಾಟಿದರೆ ಅದು ದೂರದ ದಾರಿಗಲ್ಲ. ಹಿಂದಿನ ಸ್ಪ್ರಾಕೆಟ್ಟಿನ ಹಿಂಬದಿಯಲ್ಲಿ ಚೈನ್ ಹಿಡಿದೆಳೆದಾಗ ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂದರೂ ಅದೇ ಅರ್ಥ. ಹಲ್ಲುಗಳು ಕೊಕ್ಕೆಯಂತೆ ಒಂದೇ ಕಡೆ ಬಾಗಿದ್ದರೆ ಚೈನು, ಎರಡೂ ಸ್ಪ್ರಾಕೆಟ್ಟು ಒಟ್ಟಿಗೇ ಬದಲಿಸಿ.

ಚೈನ್ ಲಾಕಿನ ಕ್ಲಿಪ್ ಹಾಕುವಾಗ ಅದರ ಮುಚ್ಚಿದ ತಲೆ ಚೈನ್ ಓಡುವ ದಿಕ್ಕಿಗಿರಬೇಕು, ತೆರೆದ ಬಾಯಿ ಹಿಂದಕ್ಕೆ. ತಿರುವುಮುರುವು ಹಾಕಿದರೆ ಕಲ್ಲೋ ಕಡ್ಡಿಯೋ ತಾಗಿ ಹಾರಿಹೋಗುತ್ತದೆ. ಹೀಗೆ ಬಿಚ್ಚಿದ ಚೈನು ಎಂಜಿನ್ ಕವರನ್ನೇ ಒಡೆಯಬಲ್ಲದು, ಹಿಂದಿನ ಚಕ್ರವನ್ನು ಕಚ್ಚಿ ನಿಲ್ಲಿಸಲೂಬಹುದು.

ಹ್ಯಾಂಡಲ್ ನಡುಗುತ್ತದೆ, ಗಾಡಿ ತೇಲಿದಂತಾಗುತ್ತದೆ

ಟೈರಿನ ಗಾಳಿ ಮೊದಲು, ಅದರಲ್ಲೂ ಹಿಂದಿನದು. ಇದೊಂದರಿಂದಲೇ ಎಷ್ಟೋ ಗಾಡಿಗಳು ಸರಿಹೋಗುತ್ತವೆ. ಆಮೇಲೆ ಟೈರನ್ನೇ ನೋಡಿ: ಬದಿಯಲ್ಲಿ ಕೂದಲೆಳೆಯ ಬಿರುಕು, ಉಬ್ಬು, ಮತ್ತು ವಯಸ್ಸು. ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಎಂದರೆ 2019ರ 23ನೇ ವಾರ. ಗೆರೆ ಆಳವಾಗಿದ್ದರೂ ಗಟ್ಟಿಯಾಗಿ ಬಿರುಕುಬಿಟ್ಟ ಟೈರು ಒದ್ದೆ ರಸ್ತೆಯಲ್ಲಿ ಜಾರುತ್ತದೆ. ಟೈರ್ ಹೊಸದಾದರೆ ಟ್ಯೂಬೂ ಹೊಸದಿರಲಿ.

ಚಕ್ರ ನೆಲದಿಂದ ಎತ್ತಿ, ಮೇಲೂ ಕೆಳಗೂ ಹಿಡಿದು ಅಲುಗಿಸಿ. ಟಕ್ ಎಂದರೆ ಬೇರಿಂಗ್. ಸ್ಪೋಕ್ ಕಡ್ಡಿಗಳನ್ನು ಸ್ಪ್ಯಾನರಿನಿಂದ ಒಂದೊಂದಾಗಿ ತಟ್ಟುತ್ತ ಬನ್ನಿ. ಬಿಗಿಯಾದದ್ದು ಟಿಣ್ ಎನ್ನುತ್ತದೆ, ಸಡಿಲಾದದ್ದು ಠೊಪ್ ಎನ್ನುತ್ತದೆ. ಒಂದೆರಡನ್ನು ಕಾಲು ಸುತ್ತು ಬಿಗಿ ಮಾಡಬಹುದು. ಐದಾರು ಸಡಿಲಿದ್ದರೆ ರಿಮ್ ಔಟ್ ತೆಗೆಯುವವರಿಗೇ ಕೊಡಿ. ಅಂದಾಜಿನ ಮೇಲೆ ಬಿಗಿಮಾಡಿದರೆ ರಿಮ್ ಸೊಟ್ಟಗಾಗುತ್ತದೆ.

ಮುಂದಿನ ಚಕ್ರ ಎತ್ತಿಯೇ ಇರಲಿ, ಹ್ಯಾಂಡಲನ್ನು ಒಂದು ಬೆರಳಲ್ಲಿ ನಿಧಾನ ತಿರುಗಿಸಿ. ಸರಿಯಾಗಿ ನಡುವೆ ಬಂದಾಗ ಗುಳಿಗೆ ಬಿದ್ದಂತೆ ಕಚ್ಚಿದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಕುತ್ತಿಗೆಯ ಬೇರಿಂಗ್) ಹೋಗಿದೆ. ಫೋರ್ಕಿನ ತುದಿ ಹಿಡಿದು ಹಿಂದೆ ಮುಂದೆ ಎಳೆದಾಗ ಟಕ್ ಎಂದರೆ ಅದು ಸಡಿಲವಾಗಿದೆ. ಹಿಂದಿನ ಚಕ್ರವನ್ನು ಅಡ್ಡಡ್ಡ ತಳ್ಳಿದಾಗ ಇಡೀ ಸ್ವಿಂಗ್ ಆರ್ಮ್ ಆಡಿದರೆ ಬುಷ್. ಇವು ಯಾವುವೂ ದುಬಾರಿಯಲ್ಲ, ಆದರೆ ಕೂರಿಸಲು ಅನುಭವದ ಕೈ ಬೇಕು.

ಫ್ರೇಮಿನಲ್ಲಿ, ಫೋರ್ಕಿನಲ್ಲಿ, ಸ್ವಿಂಗ್ ಆರ್ಮಿನಲ್ಲಿ ಬಿರುಕು ಕಂಡರೆ ಮಾತೇ ಇಲ್ಲ, ಓಡಿಸಬೇಡಿ. ಪೇಂಟಿನ ಮೇಲೆ ತುಕ್ಕಿನ ಸಣ್ಣ ಗೆರೆ ಕಂಡಲ್ಲಿ ಉಗುರಿನಿಂದ ಕೆರೆದು ನೋಡಿ, ಬಿರುಕು ಮೊದಲು ಕಾಣಿಸಿಕೊಳ್ಳುವುದು ಹಾಗೇ.

ಬ್ರೇಕ್ ಹಿಡಿಯುವುದಿಲ್ಲ, ಇಲ್ಲವೇ ಕಿರುಚುತ್ತದೆ

ಡ್ರಮ್ ಬ್ರೇಕಿನಲ್ಲಿ ಪೆಡಲ್ ಪೂರ್ತಿ ಒತ್ತಿದಾಗ ಹೊರಗಿನ ತೋಳಿಗೂ ಅದನ್ನೆಳೆಯುವ ಸರಳಿಗೂ ನಡುವಿನ ಕೋನ ನೋಡಿ. 90 ಡಿಗ್ರಿ ಮೀರಿದರೆ ಶೂ ಸವೆದಿದೆ, ನಟ್ ಬಿಗಿ ಮಾಡಿ ಮುಂದೂಡಬೇಡಿ. ಡ್ರಮ್ ಬಿಚ್ಚಿದಾಗ ಒಳಗಿನ ಪುಡಿಯನ್ನು ಊದಬೇಡಿ, ಗಾಳಿಯನ್ನೂ ಬಿಡಬೇಡಿ. ಹಳೆಯ ಶೂಗಳಲ್ಲಿ ಕಲ್ನಾರು ಇರುವ ಸಾಧ್ಯತೆ ಇದೆ, ಅದು ಶ್ವಾಸಕೋಶಕ್ಕೆ ಕೇಡು. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕಟ್ಟಿ ಎಸೆಯಿರಿ. ಶೂ ಮೇಲೆ ಆಯಿಲ್ ಜಿಡ್ಡು ಕಂಡರೆ ಉಜ್ಜಿ ಹಾಕುವುದು ಬೇಡ, ಶೂ ಬದಲಿಸಿ, ಸೋರಿದ ಸೀಲನ್ನೂ ಬದಲಿಸಿ.

ನೀರು ದಾಟಿದ ಮೇಲೆ ಡ್ರಮ್ ಬ್ರೇಕ್ ಸ್ವಲ್ಪ ಹೊತ್ತು ಹಿಡಿಯುವುದಿಲ್ಲ. ನಿಧಾನ ಓಡಿಸುತ್ತ ಲಘುವಾಗಿ ಒತ್ತಿ ಒಣಗಿಸಿ.

ಲೈಟ್ ಮಂಕು, ಫ್ಯೂಸ್ ಹಾರುತ್ತದೆ

ಎಂಜಿನ್ ನಿಂತು ಕೆಲವು ಗಂಟೆಯಾದ 12 ವೋಲ್ಟ್ ಬ್ಯಾಟರಿ 12.6 ತೋರಿಸಬೇಕು. 12ಕ್ಕಿಂತ ಕೆಳಗಿದ್ದರೆ ಬರಿದಾಗಿದೆ. ಎಂಜಿನ್ ಓಡಿಸಿ ಆಕ್ಸಿಲರೇಟರ್ ಸ್ವಲ್ಪ ಎತ್ತಿದಾಗ 13.5ರಿಂದ 14.5ರ ಆಸುಪಾಸಿಗೆ ಏರಬೇಕು. ಏರದಿದ್ದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯನ್ನು ಕುದಿಸುತ್ತಿದೆ. ತೀರ ಹಳೆಯ ಗಾಡಿಗಳಲ್ಲಿ 6 ವೋಲ್ಟ್ ವ್ಯವಸ್ಥೆ ಇರುತ್ತದೆ, ಅದಕ್ಕೆ ಈ ಅಂಕಿಗಳು ಹೊಂದವು. ಇನ್ನು ಕೆಲವು ಗಾಡಿಗಳ ಹೆಡ್‌ಲೈಟ್ ನೇರ ಮ್ಯಾಗ್ನೆಟ್‌ನಿಂದ ಓಡುತ್ತದೆ. ಸ್ಲೋ ಸ್ಪೀಡಿನಲ್ಲಿ ಮಂಕಾಗುವುದು ಅವುಗಳ ಹುಟ್ಟುಗುಣ.

ಫ್ಯೂಸ್ ಮತ್ತೆ ಮತ್ತೆ ಹಾರುತ್ತಿದ್ದರೆ ದೊಡ್ಡ ಫ್ಯೂಸ್ ಹಾಕುವುದಾಗಲಿ ತಂತಿ ಸುತ್ತುವುದಾಗಲಿ ಮಾಡಬೇಡಿ, ಟ್ಯಾಂಕಿನ ಕೆಳಗೇ ವೈರ್ ಹೊತ್ತಿಕೊಳ್ಳುತ್ತದೆ. ಹ್ಯಾಂಡಲ್ ತಿರುಗುವ ಕುತ್ತಿಗೆಯ ಬಳಿ, ಸೀಟಿನ ಕೆಳಗೆ, ಹಿಂದಿನ ಮಡ್‌ಗಾರ್ಡ್ ಒಳಗೆ ವೈರು ಎಲ್ಲಿ ಉಜ್ಜಿ ಚರ್ಮ ಸುಲಿದಿದೆ ಹುಡುಕಿ. ಹ್ಯಾಂಡಲ್ ಎಡಕ್ಕೆ ತಿರುಗಿಸಿದಾಗ ಮಾತ್ರ ಹಾರುತ್ತದೆ ಎಂದರೆ ಜಾಗವನ್ನು ಗಾಡಿಯೇ ತೋರಿಸಿತು.

ಒಳಗಿನಿಂದ ಬರುವ ಸದ್ದು

ತಲೆಯ ಭಾಗದ ಟಿಕ್‌ಟಿಕ್ ಟ್ಯಾಪೆಟ್. ಬದಿಯಿಂದ ಗರಗರ ಎಂದು, ಆಕ್ಸಿಲರೇಟರ್ ಬಿಟ್ಟಾಗ ಹೆಚ್ಚಾದರೆ ಟೈಮಿಂಗ್ ಚೈನ್ ಅಥವಾ ಅದರ ಟೆನ್ಷನರ್. ಇವೆರಡಕ್ಕೂ ಸಮಯ ಸಿಗುತ್ತದೆ. ಕೆಳಗಿನಿಂದ ಸುತ್ತಿಗೆ ಬಡಿದಂತೆ ಠಕ್ ಠಕ್ ಎಂದು, ಭಾರ ಬಿದ್ದಾಗ ಜೋರಾದರೆ ಕನೆಕ್ಟಿಂಗ್ ರಾಡ್ ಬೇರಿಂಗ್. ಅದಕ್ಕೆ ಸಮಯವಿಲ್ಲ. ದಪ್ಪ ಆಯಿಲ್ ಹಾಕಿ ಸದ್ದು ಮುಚ್ಚಿಸಿ ಮಾರುವವರಿದ್ದಾರೆ, ಆದ್ದರಿಂದ ಹೊಸದಾಗಿ ಕೊಂಡ ಹಳೇ ಗಾಡಿಯಲ್ಲಿ ಮೊದಲು ಆಯಿಲ್ ಬದಲಿಸಿ, ಆಮೇಲೆ ಕಿವಿಗೊಡಿ.

ಖಾಲಿ ಗಾಡಿ ಸರಿ, ಸಾಮಾನು ಹೇರಿದರೆ ಬೇರೆಯೇ ಗಾಡಿ

ಮೇಲಿನದೆಲ್ಲ ಮುಗಿದ ಮೇಲೆ ಪೂರ್ತಿ ಸಾಮಾನು ಕಟ್ಟಿ ಮೊದಲು 50, ಆಮೇಲೆ 200, ಆಮೇಲೆ ಒಂದೇ ದಿನದಲ್ಲಿ 300 ಕಿ.ಮೀ. ಓಡಿಸಿ. ಭಾರವೆಲ್ಲ ಹಿಂದಿನ ಅಚ್ಚಿಗಿಂತ ಹಿಂದೆ ಕೂತಿದ್ದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಆಡುತ್ತದೆ. ಆಗ ಕೋನ್ ಸೆಟ್ ಬಿಚ್ಚಬೇಡಿ, ಚೀಲ ಮುಂದಕ್ಕೆ ತನ್ನಿ, ಕೆಳಗಿಳಿಸಿ.

ಕ್ಯಾರಿಯರ್, ಎಂಜಿನ್ ಫೌಂಡೇಷನ್, ಸೈಲೆನ್ಸರ್ ನಟ್ಟುಗಳ ಮೇಲೆ ಬಿಳಿ ಪೇಂಟಿನಿಂದ ನಟ್ಟಿಗೂ ಬಾಡಿಗೂ ಸೇರಿ ಒಂದು ಗೆರೆ ಎಳೆದಿರಿ. ಪ್ರತಿ ಓಟದ ಕೊನೆಗೆ ಗೆರೆ ಮುರಿದ ನಟ್ಟು ಯಾವುದೆಂದು ಒಂದು ನೋಟದಲ್ಲಿ ಸಿಗುತ್ತದೆ. ಕ್ಯಾರಿಯರಿನ ವೆಲ್ಡಿಂಗ್ ಮೂಲೆಗಳನ್ನು ಬೆರಳಾಡಿಸಿ ನೋಡಿ. ಇದೇ ಓಟದಲ್ಲಿ ರಿಸರ್ವ್‌ಗೆ ಬಿದ್ದ ಮೇಲೆ ಎಷ್ಟು ದೂರ ಹೋಗುತ್ತದೆ ಎಂದೂ ಅಳೆದುಕೊಳ್ಳಿ, ಒಂದು ಲೀಟರ್ ಪೆಟ್ರೋಲ್ ಜೊತೆಗಿಟ್ಟುಕೊಂಡು.

ಮೂರು ಓಟದಲ್ಲೂ ಏನೂ ಬಿಗಿಮಾಡಬೇಕಾಗಿ ಬರದಿದ್ದರೆ ಸ್ಪ್ಯಾನರ್ ಚೀಲಕ್ಕೆ ಹಾಕಿ. ಕೊನೆಯ ವಾರದಲ್ಲಿ ಕೈ ತುರಿಸಿದರೂ ಏನನ್ನೂ ಬಿಚ್ಚಬೇಡಿ. ಹೊಸ ಕ್ಲಚ್ ಕೇಬಲ್ ತಂದಿದ್ದರೆ ಅದನ್ನು ಹಳೆಯದರ ಪಕ್ಕದಲ್ಲೇ, ಅದೇ ದಾರಿಯಲ್ಲಿ ತೂರಿಸಿ, ಎರಡೂ ತುದಿಗೆ ಟೇಪ್ ಸುತ್ತಿ ಕಟ್ಟಿಬಿಡಿ. ಹಳೆಯದು ಕಡಿದ ದಿನ ಹತ್ತು ನಿಮಿಷದ ಕೆಲಸ.